ಐದು ಸೆಕೆಂಡಿನ ಕೊಳಲು ಯಾರದು?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ಮನೆಯಲ್ಲೇ ಕೂತು ಕನ್ನಡ ರ‍್ಯಾಪ್ ಹಾಡುಗಳಿಗೆ ಬೀಟ್ ಮಾಡುತ್ತೇನೆ. ಹಳೇ ಸಿನಿಮಾ ಹಾಡೊಂದರ ಮಧ್ಯೆ ಬರುವ ಕೊಳಲಿನ ತುಣುಕು, ಬರೀ ಐದು ಸೆಕೆಂಡ್, ಕತ್ತರಿಸಿ ಬಳಸಿದ್ದೆ. ಯೂಟ್ಯೂಬ್‌ನಲ್ಲಿ ಆ ಹಾಡಿನ ಆಡಿಯೋ ಕಂಪನಿಯವರು ತಕರಾರು ತೆಗೆದರು. ಏಳು ಸೆಕೆಂಡಿಗಿಂತ ಕಡಿಮೆ ಇದ್ದರೆ ಅನುಮತಿ ಬೇಡ ಅಂತಾರಲ್ಲ? ವಿಡಿಯೋ ಕೆಳಗೆ ‘ಕೃಪೆ’ ಅಂತ ಹೆಸರೂ ಹಾಕಿದ್ದೆ. ಅಷ್ಟಕ್ಕೂ ಆ ಕೊಳಲು ನುಡಿಸಿದವರಿಗೆ ಕಂಪನಿ ಏನು ಕೊಟ್ಟಿದೆ?’

ಆತ್ಮೀಯರೇ,

ಏಳು ಸೆಕೆಂಡಿನ ಲೆಕ್ಕವನ್ನು ಮೊದಲು ಮರೆತುಬಿಡಿ. ಅಂಥ ನಿಯಮ ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಯಾರೋ ಹೇಳಿದ್ದು, ಇನ್ಯಾರೋ ನಂಬಿದ್ದು, ಹಾಗೇ ಊರೆಲ್ಲ ಸುತ್ತುತ್ತಿದೆ. 1969ರ ‘ಆರಾಧನಾ’ ಚಿತ್ರದ ಹಾಡೊಂದರಿಂದ ಹೆಚ್ಚುಕಡಿಮೆ ಒಂದು ಸೆಕೆಂಡಿನ ತುಣುಕು ತೆಗೆದುಕೊಂಡರು ಅಂತ ಅಮೆರಿಕದ ರ‍್ಯಾಪ್ ಸಂಗೀತಗಾರರ ಮೇಲೆ ಸರೆಗಮ ಕಂಪನಿ ಅಲ್ಲಿನ ಕೋರ್ಟಿಗೆ ಹೋಗಿತ್ತು. ಒಂದೇ ಸೆಕೆಂಡ್! 2011ರಲ್ಲಿ ಕಂಪನಿ ಸೋತಿತು. ಸೋತಿದ್ದು ತುಣುಕು ಚಿಕ್ಕದು ಅಂತಲ್ಲ. 1967ರಲ್ಲಿ ನಿರ್ಮಾಪಕರ ಜೊತೆ ಮಾಡಿಕೊಂಡಿದ್ದ ಒಪ್ಪಂದ ತೆಗೆದು ಓದಿದಾಗ, ಆ ಧ್ವನಿಮುದ್ರಣದ ಹಕ್ಕು ಈಗ ಕಂಪನಿಯ ಬಳಿ ಇಲ್ಲ ಅಂತ ಕೋರ್ಟ್ ಹೇಳಿತು. ಹಳೇ ಹಾಡು ನಮ್ಮದು ಅಂತ ಬಂದವರಿಗೆಲ್ಲ ನಿಜಕ್ಕೂ ಹಕ್ಕು ಇರುತ್ತೆ ಅಂತೇನಿಲ್ಲ. ನಿಮ್ಮ ಮೇಲೆ ತಕರಾರು ತೆಗೆದವರ ಹತ್ತಿರ ಯಾವ ಹಕ್ಕಿದೆ ಅಂತ ನೀವು ಧಾರಾಳವಾಗಿ ಕೇಳಬಹುದು.

ಇನ್ನು ‘ಐದು ಸೆಕೆಂಡ್ ತಾನೆ’ ಅನ್ನುವ ಮಾತು. ಇದನ್ನು ನಾನು ಒಪ್ಪಲಾರೆ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ಅನ್ನುವ ತಂಡ ಒಂದು ರೆಕಾರ್ಡ್ ತಂದಿತ್ತು. ಅದರ ಹಿಂಬದಿಯಲ್ಲಿ ‘ಆಮೆನ್ ಬ್ರದರ್’ ಅನ್ನುವ ವಾದ್ಯಸಂಗೀತ ಇದೆ. ಅದರ ನಡುವೆ ಉಳಿದವರೆಲ್ಲ ನಿಲ್ಲಿಸುತ್ತಾರೆ, ಗ್ರೆಗರಿ ಕೋಲ್ಮನ್ ಒಬ್ಬರೇ ಡ್ರಮ್ಸ್ ನುಡಿಸುತ್ತಾರೆ. ನಾಲ್ಕು ಬಾರ್ (ನಮ್ಮ ತಾಳದ ಆವರ್ತದ ಹಾಗೆ), ಆರೇಳು ಸೆಕೆಂಡ್, ಅಷ್ಟೇ. ಬಿಡುವಿದ್ದಾಗ ಕಿವಿಗೊಟ್ಟು ಕೇಳಿ. ಮೊದಲೆರಡು ಬಾರ್ ನೇರವಾಗಿ ಹೋಗುತ್ತವೆ. ಮೂರನೆಯದರಲ್ಲಿ ಸ್ನೇರ್ ಡ್ರಮ್ಮಿನ ಪೆಟ್ಟು ಒಂಚೂರು ತಡವಾಗಿ ಬೀಳುತ್ತೆ. ನಾಲ್ಕನೆಯದರ ಮೊದಲ ಪೆಟ್ಟೇ ಖಾಲಿ. ಆಮೇಲೆ ಕ್ರ್ಯಾಶ್ ಸಿಂಬಲ್ ಅನ್ನುವ ಲೋಹದ ತಟ್ಟೆಯ ಸದ್ದು ನಾವು ಕಾಯುವುದಕ್ಕಿಂತ ಮೊದಲೇ ಬಂದುಬಿಡುತ್ತೆ. ಅಷ್ಟನ್ನೇ ಕತ್ತರಿಸಿ, ವೇಗ ಹೆಚ್ಚಿಸಿ, ಮುಂದೆ ಸಾವಿರಾರು ಹಾಡು ಮಾಡಿದರು. ಬ್ರಿಟನ್ನಿನ ಜಂಗಲ್, ಡ್ರಮ್ ಅಂಡ್ ಬೇಸ್ ಸಂಗೀತ ನಿಂತಿರುವುದೇ ಅದರ ಮೇಲೆ. ಕೋಲ್ಮನ್‌ಗೆ ಒಂದು ಕಾಸೂ ಬರಲಿಲ್ಲ. 2006ರಲ್ಲಿ ತೀರಿಕೊಂಡಾಗ ಅವರಿಗೆ ಇರಲು ಮನೆಯೂ ಇರಲಿಲ್ಲ. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ ವಿಷಯ ಗೊತ್ತಾಗಿದ್ದು 1996ರಲ್ಲಿ. ಅಷ್ಟು ಹೊತ್ತಿಗೆ ದಾವೆ ಹೂಡುವ ಗಡುವು ಮುಗಿದಿತ್ತು. 2015ರಲ್ಲಿ ಇಬ್ಬರು ಡಿಜೆಗಳು ಜನರಿಂದ ಚಂದಾ ಎತ್ತಿ ಸ್ಪೆನ್ಸರ್‌ಗೆ ಸುಮಾರು 24,000 ಪೌಂಡ್ ಕೊಟ್ಟರು. ಸಂಗೀತದಲ್ಲಿ ಆರು ಸೆಕೆಂಡ್ ಚಿಕ್ಕದು ಅಂತ ಹೇಳುವುದಾದರೂ ಹೇಗೆ?

ಅದಕ್ಕೇ ನಿಮ್ಮ ಕೊನೆಯ ಪ್ರಶ್ನೆ ನನಗೆ ಬಹಳ ನಾಟಿತು. ಕಂಪನಿಗಳ ಮೇಲೆ ನಿಮಗಿರುವ ಸಿಟ್ಟು ನ್ಯಾಯವಾದದ್ದೇ. ಒಂದು ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ಸಂಗೀತ ಸಂಯೋಜನೆಯ ಹಕ್ಕು ಬೇರೆ, ಧ್ವನಿಮುದ್ರಣದ್ದು ಬೇರೆ. ನೀವು ರೆಕಾರ್ಡ್‌ನಿಂದಲೇ ಕತ್ತರಿಸಿದ್ದರಿಂದ ಎರಡಕ್ಕೂ ಅನುಮತಿ ಬೇಕಿತ್ತು. ಕನ್ನಡದ ಹಳೇ ಹಾಡುಗಳಲ್ಲಿ ಎರಡೂ ಸಾಮಾನ್ಯವಾಗಿ ಕಂಪನಿಯ ಕೈಯಲ್ಲೇ ಇರುತ್ತವೆ. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಬಂದ ಮೇಲೆ ಹಾಡು ಬರೆದವರು, ಸಂಯೋಜಿಸಿದವರು ರಾಯಲ್ಟಿಯ ತಮ್ಮ ಪಾಲನ್ನು ಬರೆದುಕೊಡುವಂತಿಲ್ಲ. ಚಿತ್ರಮಂದಿರದಲ್ಲಿ ಸಿನಿಮಾ ಜೊತೆ ಹಾಡು ಕೇಳಿಸಿದಾಗ ಮಾತ್ರ ಅದು ಬರುವುದಿಲ್ಲ. ಇದು ದೊಡ್ಡ ಗೆಲುವು. ಆದರೆ ಸ್ಟುಡಿಯೋದಲ್ಲಿ ಕೊಳಲು ನುಡಿಸಿ, ಅವತ್ತಿನ ಕೂಲಿ ತಗೊಂಡು ಮನೆಗೆ ಹೋದವರ ಹೆಸರು ಹಳೇ ರೆಕಾರ್ಡಿನ ರಟ್ಟಿನ ಮೇಲೂ ಸಿಗುವುದು ಅಪರೂಪ. ಇದು ತಪ್ಪು. ಆದರೆ ಕಂಪನಿ ಅವರಿಗೆ ಕೊಡಲಿಲ್ಲ ಅಂತ ನೀವೂ ಕೊಡದೇ ಇದ್ದರೆ, ಅವರಿಗೆ ಸಿಕ್ಕಿದ್ದೇನು?

ಹೆಸರು ಹಾಕುವುದೂ ಸಣ್ಣ ವಿಷಯವಲ್ಲ. 1981ರ ಹಿಂದಿ ಹಾಡೊಂದನ್ನು 2002ರಲ್ಲಿ ಅಮೆರಿಕದ ಒಂದು ಹಿಟ್ ಹಾಡಿನಲ್ಲಿ ಕೇಳದೆ ಬಳಸಿದಾಗ, ಸಂಯೋಜಕ ಬಪ್ಪಿ ಲಹಿರಿ ಲಾಸ್ ಏಂಜಲೀಸ್‌ನ ಕೋರ್ಟಿಗೆ ಹೋದರು. ಅವರ ಹೆಸರಿಲ್ಲದೆ ಆ ಆಲ್ಬಮ್ ಮಾರುವಂತಿಲ್ಲ ಅಂತ ಕೋರ್ಟ್ ತಡೆ ಕೊಟ್ಟಿತು. ನೀವು ಹೆಸರು ಹಾಕಿದ್ದು ಒಳ್ಳೆಯದೇ. ಆದರೆ ‘ಕೃಪೆ’ ಅಂತ ಬರೆದ ಮಾತ್ರಕ್ಕೆ ಅನುಮತಿ ಸಿಕ್ಕಂತೆ ಆಗುವುದಿಲ್ಲ.

ಹಾಗಾದರೆ ದಾರಿ ಏನು? ತೀರಾ ಹಳೇ ರೆಕಾರ್ಡ್ ಆದರೆ ಹೊರಬಂದ ವರ್ಷ ನೋಡಿ. ಧ್ವನಿಮುದ್ರಣದ ಹಕ್ಕು ಅದರ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ. 1960ರಲ್ಲಿ ಬಂದಿದ್ದಾದರೆ 2020ಕ್ಕೆ ಮುಗಿಯಿತು. ಆದರೂ ಬರೆದವರು, ಸಂಯೋಜಿಸಿದವರು ತೀರಿಕೊಂಡು 60 ವರ್ಷ ಆಗುವವರೆಗೆ ಅವರ ಹಕ್ಕು ಹಾಗೇ ಇರುತ್ತೆ. ಪುರಂದರದಾಸರ ಪದವನ್ನು ಯಾರನ್ನೂ ಕೇಳದೆ ಹಾಡಬಹುದು. ಅದನ್ನು ಮೊನ್ನೆ ಮೊನ್ನೆ ಯಾರೋ ಹಾಡಿದ ರೆಕಾರ್ಡಿಂಗ್ ಕತ್ತರಿಸುವಂತಿಲ್ಲ. ಹಳೇ ಹಾಡನ್ನು ಬೇರೆಯವರು ಮತ್ತೆ ಹಾಡಿ ರೆಕಾರ್ಡ್ ಮಾಡುವ ಕವರ್ ಹಾಡಿಗೆ ಕಾಯ್ದೆಯಲ್ಲಿ ಬೇರೆ ದಾರಿ ಇದೆ. ಅದರಲ್ಲಿ ಮೂಲ ಹಾಡನ್ನು ಬದಲಾಯಿಸುವಂತಿಲ್ಲ, ಹಾಗಾಗಿ ರ‍್ಯಾಪ್ ಸೇರಿಸುವ ನಿಮ್ಮ ಕೆಲಸಕ್ಕೆ ಅದು ಆಗದು.

ನನ್ನ ಕೇಳಿದರೆ, ಆ ಕೊಳಲಿನಲ್ಲಿ ನಿಮ್ಮನ್ನು ಹಿಡಿದಿದ್ದು ಆ ರಾಗವೇ ಇರಬಹುದು. ರಾಗ ಯಾರ ಆಸ್ತಿಯೂ ಅಲ್ಲ. ನಿಮ್ಮೂರಲ್ಲೇ ಕೊಳಲು ನುಡಿಸುವವರನ್ನು ಹುಡುಕಿ. ಹಳೇ ಹಾಡನ್ನು ನಕಲು ಮಾಡಿಸಬೇಡಿ. ಅದೇ ರಾಗದಲ್ಲಿ ಅವರಿಗೆ ತೋಚಿದ್ದನ್ನು ನುಡಿಸಲು ಬಿಡಿ. ನುಡಿಸುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ: ಇವತ್ತು ಎಷ್ಟು ಕೊಡುತ್ತೀರಿ, ಮುಂದೆ ಹಾಡಿನಿಂದ ದುಡ್ಡು ಬಂದರೆ ಅವರ ಪಾಲು ಎಷ್ಟು, ನಾಳೆ ಇನ್ಯಾರಾದರೂ ಆ ತುಣುಕು ಕೇಳಿದರೆ ಯಾರ ಒಪ್ಪಿಗೆ ಬೇಕು. ಹಾಡಿನ ಹೆಸರಿನ ಪಕ್ಕದಲ್ಲೇ, ಕೊಳಲು ಯಾರದು ಅಂತ ಹಾಕಿ. ಹಾಡು ಸಿದ್ಧವಾದಾಗ ನಮಗೂ ಕಳಿಸಿ, ಕೇಳುವ ಆಸೆ ಇದೆ.

– ಸಂಪಾದಕ