ಹೊಸ ಕಾಲಂ ಬಂತು, ಸಾಲು ಸರಿ ಇದೆಯಾ?

ಪ್ರಶ್ನೆ: ಅಂಕಿಅಂಶಗಳ ಕೆಲಸಕ್ಕೆ ಬಳಸುವ ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿ ಒಂದು ತಿಂಗಳಾಯಿತು. ಅದರ ಜೊತೆಗೇ ಬರುವ ಏರ್‌ಕ್ವಾಲಿಟಿ ಟೇಬಲ್‌ಗೆ ಡಿಪ್ಲೈರ್ (dplyr) ಪ್ಯಾಕೇಜಿನ ಮ್ಯುಟೇಟ್ ಬಳಸಿ ಸೆಲ್ಸಿಯಸ್ ಕಾಲಂ ಸೇರಿಸಿದೆ. ಪರದೆ ಮೇಲೆ ಕಾಣಿಸಿತು. ಮತ್ತೆ ಟೇಬಲ್ ತೆರೆದರೆ ಮಾಯ! ಮೇಯಿಂದ ಸೆಪ್ಟೆಂಬರ್‌ವರೆಗಿನ ಐದು ಹೆಸರು ಕೊಟ್ಟು ತಿಂಗಳ ಹೆಸರಿನ ಕಾಲಂ ಸೇರಿಸಲು ಹೋದರೆ, ನೀನು ಕೊಟ್ಟಿದ್ದು 5, ಟೇಬಲ್‌ನಲ್ಲಿರುವುದು 153 ಸಾಲು ಅಂತ ಎರರ್ ಬರುತ್ತದೆ.
— ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮ್ಯುಟೇಟ್ ನಿಮ್ಮ ಟೇಬಲ್ಲನ್ನು ಮುಟ್ಟುವುದೇ ಇಲ್ಲ. ಹೊಸ ಕಾಲಂ ಇರುವ ಇನ್ನೊಂದು ಟೇಬಲ್ ಮಾಡಿ ಕೈಗೆ ಕೊಡುತ್ತದೆ, ಅದನ್ನು ನೀವು ಒಂದು ಹೆಸರಿಗೆ ಹಾಕಿಟ್ಟುಕೊಳ್ಳದಿದ್ದರೆ ಅದು ಅಲ್ಲಿಗೇ ಮುಗಿಯಿತು. ಬಾಣದ ಗುರುತು ಹಾಕಿ ಹಳೆಯ ಹೆಸರಿಗೇ ಉಳಿಸಿ, ಅಷ್ಟೇ. ಯಾವ ಪ್ಯಾಕೇಜೂ ಬೇಡದ ದಾರಿಯೂ ಇದೆ (ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ):

ಏರ್‌ಕ್ವಾಲಿಟಿ$ಸೆಲ್ಸಿಯಸ್ <- (ಏರ್‌ಕ್ವಾಲಿಟಿ$ಟೆಂಪ್ - 32) * 5 / 9

ಮೊದಲ ಸಾಲು 1973ರ ಮೇ 1, ನ್ಯೂಯಾರ್ಕ್. ಅಲ್ಲಿ 67 ಡಿಗ್ರಿ ಫ್ಯಾರನ್‌ಹೀಟ್ ಇದೆ, ಅದು 19.4 ಸೆಲ್ಸಿಯಸ್ ಆಗಬೇಕು. ಒಂದೆರಡು ಸಾಲನ್ನು ಹೀಗೆ ಕೈಯಲ್ಲಿ ಲೆಕ್ಕ ಹಾಕಿ ನೋಡುವ ಅಭ್ಯಾಸ ಈಗಿನಿಂದಲೇ ಇರಲಿ.

ತಿಂಗಳ ಹೆಸರಿಗೆ ಬಂದರೆ, ಆರ್‌ನಲ್ಲಿ ಮಂತ್.ನೇಮ್ ಅಂತ ಹನ್ನೆರಡು ಹೆಸರುಗಳ ಪಟ್ಟಿ ಮೊದಲೇ ಇದೆ. ಅದರ ಮುಂದೆ ಚೌಕ ಆವರಣದಲ್ಲಿ ಏರ್‌ಕ್ವಾಲಿಟಿ$ಮಂತ್ ಹಾಕಿದರೆ 5 ಇದ್ದ ಕಡೆ ಮೇ, 9 ಇದ್ದ ಕಡೆ ಸೆಪ್ಟೆಂಬರ್, ಹೀಗೆ 153 ಹೆಸರೂ ಬರುತ್ತವೆ. ನಿಮ್ಮ ಐದೇ ಹೆಸರಿನ ಪಟ್ಟಿಯಲ್ಲಿ ಹೀಗೆ ಮಾಡಬೇಡಿ. ಅದರಲ್ಲಿ ಐದನೆಯದು ಸೆಪ್ಟೆಂಬರ್, ಹಾಗಾಗಿ ಮೇ ತಿಂಗಳಿಗೆಲ್ಲ ಸೆಪ್ಟೆಂಬರ್ ಬಂದು ಕೂರುತ್ತದೆ, ಉಳಿದವು ಖಾಲಿ.

ನಿಮಗೆ ಎರರ್ ಬಂದದ್ದು ಒಳ್ಳೆಯದೇ ಆಯಿತು. ಐದರ ಬದಲು ಮೂರು ಬೆಲೆ ಕೊಟ್ಟಿದ್ದರೆ? 153 ಮೂರರಿಂದ ಸರಿಯಾಗಿ ಭಾಗವಾಗುತ್ತದೆ ಅಲ್ವಾ, ಆಗ ಡಾಲರ್ ಗುರುತಿನ ಈ ದಾರಿ ಒಂದು ಮಾತೂ ಆಡದೆ ಆ ಮೂರನ್ನೇ 51 ಸಲ ತಿರುಗಿಸಿ ತುಂಬಿಬಿಡುತ್ತದೆ. ಮ್ಯುಟೇಟ್ ಇದಕ್ಕೆ ಒಪ್ಪುವುದಿಲ್ಲ. ಒಂದು ಬೆಲೆ ಕೊಡಿ, ಇಲ್ಲವೇ ಪೂರ್ತಿ 153 ಕೊಡಿ ಅನ್ನುತ್ತದೆ. ಹೊಸಬರಿಗೆ ನಾನು ಮ್ಯುಟೇಟನ್ನೇ ಹೇಳಿಕೊಡುವುದು ಇದೊಂದೇ ಕಾರಣಕ್ಕೆ.

ಪ್ರಶ್ನೆ: ನನ್ನ ಹತ್ತಿರ ಕರ್ನಾಟಕದ ಜಿಲ್ಲೆಗಳ ಟೇಬಲ್ ಇದೆ, 31 ಸಾಲು. ಅದಕ್ಕೆ 2011ರ ಜನಗಣತಿಯ ಜನಸಂಖ್ಯೆಯ ಕಾಲಂ ಸೇರಿಸಬೇಕು. ಜನಗಣತಿ ಟೇಬಲ್‌ನಲ್ಲಿ 30 ಸಾಲು. ಒಂದು ಸಾಲು ತೆಗೆದು, ಎರಡನ್ನೂ ಅಕ್ಷರಕ್ರಮದಲ್ಲಿಟ್ಟು ಸಿಬೈಂಡ್ ಮಾಡಿದರೆ ಸಾಕಾ?
— ಉಪನ್ಯಾಸಕರು, ತುಮಕೂರು

ಉತ್ತರ: ದಯವಿಟ್ಟು ಬೇಡ. ಸಿಬೈಂಡ್ ಹೆಸರು ನೋಡುವುದಿಲ್ಲ, ಪಕ್ಕಪಕ್ಕ ಅಂಟಿಸುತ್ತದೆ ಅಷ್ಟೇ. ನಾನು ಕೆಲವು ವರ್ಷಗಳ ಹಿಂದೆ ಇದನ್ನೇ ಮಾಡಿದ್ದೆ. ಎರಡೂ ಕಡೆ 30 ಸಾಲು, ಎರಡೂ ಇಂಗ್ಲಿಷ್ ಅಕ್ಷರಕ್ರಮದಲ್ಲಿ, ಎರರ್ ಇಲ್ಲ. ವರದಿ ಕಳಿಸುವ ಹಿಂದಿನ ರಾತ್ರಿ ನೋಡುತ್ತೇನೆ, ಚಾಮರಾಜನಗರದ ಎದುರು 21 ಲಕ್ಷಕ್ಕಿಂತ ಜಾಸ್ತಿ ಜನ! 2011ರಲ್ಲಿ ಅಲ್ಲಿದ್ದದ್ದು 10 ಲಕ್ಷ ಚಿಲ್ಲರೆ. ಅದು ವಿಜಯಪುರದ ಸಂಖ್ಯೆ. 2014ರ ನವೆಂಬರ್ 1ರಂದು ನಮ್ಮ ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದವು, ಅಲ್ವಾ? ಹಳೆಯ ಪಟ್ಟಿಯಲ್ಲಿ ಬಿಜಾಪುರ ಮೇಲೆ ಬೀದರ್ ಪಕ್ಕದಲ್ಲಿತ್ತು, ಹೊಸ ಪಟ್ಟಿಯಲ್ಲಿ ವಿಜಯಪುರವಾಗಿ ಕೆಳಗೆ ಯಾದಗಿರಿ ಹತ್ತಿರ ಹೋಗಿತ್ತು. ಗುಲ್ಬರ್ಗಾ ಕಲಬುರಗಿ ಆಗಿ ಇನ್ನೊಂದು ಕಡೆ. ನಡುವಿನ ಸಾಲುಗಳೆಲ್ಲ ಜರುಗಿ ಪಕ್ಕದ ಜಿಲ್ಲೆಯ ಸಂಖ್ಯೆ ಹೊತ್ತು ಕೂತಿದ್ದವು. ಆ ರಾತ್ರಿ ಆದ ಗಾಬರಿ ನನಗೆ ಇನ್ನೂ ನೆನಪಿದೆ.

ಡಿಪ್ಲೈರ್ ಪ್ಯಾಕೇಜಿನ ಲೆಫ್ಟ್ ಜಾಯಿನ್ ಬಳಸಿ. ಜಿಲ್ಲೆಯ ಹೆಸರು ನೋಡಿ ಜೋಡಿಸುತ್ತದೆ, ನಿಮ್ಮ ಸಾಲುಗಳ ಕ್ರಮ ಕೆಡಿಸುವುದಿಲ್ಲ. (ಮರ್ಜ್ ಕೂಡ ಆಗುತ್ತದೆ, ಆದರೆ ಸುಮ್ನೆ ಕೊಟ್ಟರೆ ಜೋಡಿ ಸಿಗದ ಸಾಲನ್ನು ಕೈಬಿಡುತ್ತದೆ.) ಅದಕ್ಕೂ ಮೊದಲು ಆಂಟಿ ಜಾಯಿನ್ ಮಾಡಿ. ಯಾವ ಹೆಸರಿಗೆ ಜೋಡಿ ಇಲ್ಲ ಅನ್ನುವುದನ್ನು ಅದು ತೋರಿಸುತ್ತದೆ: ಬೆಳಗಾವಿ, ಮೈಸೂರು, ಶಿವಮೊಗ್ಗ, ನಿಮ್ಮ ತುಮಕೂರೂ ಸಿಗುತ್ತದೆ. ಅವುಗಳ ಸ್ಪೆಲಿಂಗ್ ಸರಿಮಾಡಿ ಜೋಡಿಸಿ. ಆಮೇಲೆ ಸಾಲು ಎಣಿಸಿ, 31ಕ್ಕಿಂತ ಹೆಚ್ಚಾಗಿದ್ದರೆ ಜನಗಣತಿ ಟೇಬಲ್‌ನಲ್ಲಿ ಯಾವುದೋ ಜಿಲ್ಲೆ ಎರಡು ಸಲ ಇದೆ ಅಂತ ಅರ್ಥ.

ಆ 31ನೇ ಸಾಲನ್ನು ತೆಗೆಯಬೇಡಿ, ಅದು 2021ರಲ್ಲಿ ಆದ ವಿಜಯನಗರ ಜಿಲ್ಲೆ. ಅದರ ಎದುರು ಖಾಲಿ ಬರುತ್ತದೆ, ಬರಲಿ. ಬಳ್ಳಾರಿಯ ಎದುರು ಬಂದದ್ದನ್ನೂ ನಂಬಬೇಡಿ, ಅದು ಒಡೆಯುವ ಮೊದಲಿನ ಜಿಲ್ಲೆಯ ಲೆಕ್ಕ. 2011ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು, ಹಾಗಾಗಿ ದಾವಣಗೆರೆಯ ಸಂಖ್ಯೆಯಿಂದಲೂ ಅದನ್ನು ಕಳೆಯಬೇಕು. ವಿಜಯನಗರದ ಸಂಖ್ಯೆ ಬೇಕಿದ್ದರೆ ತಾಲ್ಲೂಕುವಾರು ಟೇಬಲ್ ತೆಗೆದುಕೊಂಡು ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕೂಡಿಸಿ. ಕೊಟ್ಟೂರು ಆಗ ಕೂಡ್ಲಿಗಿಯಲ್ಲೇ ಇತ್ತು, ಬೇರೆ ಲೆಕ್ಕ ಬೇಡ. ಕಂಪ್ಲಿ ಮಾತ್ರ ಆಗ ಹೊಸಪೇಟೆ ತಾಲ್ಲೂಕು, ಈಗ ಬಳ್ಳಾರಿ ಜಿಲ್ಲೆ. ಅದನ್ನು ಬಿಡಿಸಲು ಹಳ್ಳಿವಾರು ಟೇಬಲ್ಲೇ ಬೇಕಾಗುತ್ತದೆ.