ನಿಧಿ ಕೈಬಿಡಿ, ಪಹಣಿ ತೆಗೆಸಿ

ಪ್ರಶ್ನೆ: ಕಲಬುರಗಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಹದಿಹರೆಯದವರಿಗೆಂದು ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಸೇಡಂ ಕಡೆಯ ತೊಗರಿ ಬೆಳೆಗಾರನೊಬ್ಬ ಒಂದು ಬೆಳಗ್ಗೆ ಮನೆಯಿಂದ ಕಾಣೆಯಾಗುತ್ತಾನೆ. ಹದಿನಾರು ವರ್ಷದ ಮಗಳು ಹುಡುಕಲು ಹೊರಡುತ್ತಾಳೆ. ಕಲಬುರಗಿ ಕೋಟೆಯ ನಿಧಿ, ಅದರ ಬೆನ್ನುಬಿದ್ದ ಕಳ್ಳರ ತಂಡ ಎಲ್ಲವೂ ಇದೆ. ಆದರೂ ಗೆಳತಿಯರು ಅರ್ಧ ಓದಿ ಕೆಳಗಿಡುತ್ತಿದ್ದಾರೆ. ಎಲ್ಲಿ ಎಡವಿದ್ದೇನೆ?

ಉತ್ತರ: ನಿಧಿಯಲ್ಲಿ. ಕಳ್ಳರ ತಂಡ ಬಂದೊಡನೆ, ಅಪ್ಪ ಕಾಣೆಯಾದದ್ದಕ್ಕೆ ಮನೆಯವರು ಯಾರೂ ಹೊಣೆಯಲ್ಲ ಎಂದಾಗುತ್ತದೆ. ಅಮ್ಮ ಅಮಾಯಕಿ, ಚಿಕ್ಕಪ್ಪ ಒಳ್ಳೆಯವನು, ಕೆಟ್ಟವರೆಲ್ಲ ಹೊರಗಿನವರು. ಮನೆಯೊಳಗೆ ಹುಡುಕಲು ಹುಡುಗಿಗೆ ಏನೂ ಉಳಿಯುವುದಿಲ್ಲ. ಸಂಕಟದಲ್ಲಿರುವ ಕುಟುಂಬದ ಕಥೆಯಲ್ಲಿ ಓದುಗರನ್ನು ಹಿಡಿದಿಡುವುದು ‘ಅಪ್ಪ ಎಲ್ಲಿ?’ ಎಂಬುದಕ್ಕಿಂತ ‘ಇದು ಅಮ್ಮನಿಗೆ ಮೊದಲೇ ಗೊತ್ತಿತ್ತೇ?’ ಎಂಬ ಪ್ರಶ್ನೆ.

ಹೊಲದ ಪಹಣಿ ತೆಗೆಸಿ. ಹುಡುಗಿ ಅದನ್ನು ಮೊಬೈಲಿನಲ್ಲೇ ನೋಡಬಹುದು. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು, ಹತ್ತರಲ್ಲಿ ಆ ಹೆಸರು ಹೇಗೆ ಬಂತೆಂಬ ಮ್ಯುಟೇಶನ್ ವಿವರ, ಹನ್ನೊಂದರಲ್ಲಿ ಬ್ಯಾಂಕಿನ ಸಾಲ. ಆ ಸಾಲ ಅಷ್ಟೇನೂ ದೊಡ್ಡದಲ್ಲ ಎಂದಿಟ್ಟುಕೊಳ್ಳಿ. ಇಷ್ಟಕ್ಕೇ ಅಪ್ಪ ಮನೆ ಬಿಟ್ಟನೇ ಎಂಬ ಅನುಮಾನ ಅವಳಿಗೆ ಬರಬೇಕು. ಖಾಲಿ ಬಾಂಡ್ ಪೇಪರಿಗೆ ಸಹಿ ಹಾಕಿಸಿಕೊಂಡು ಬಡ್ಡಿಗೆ ಕೊಟ್ಟ ಹಣ ಯಾವ ಕಾಲಂನಲ್ಲೂ ಇರುವುದಿಲ್ಲ. ಹತ್ತನೇ ಕಾಲಂ ಹಿಡಿದು ಹೊರಟರೆ ಸೋದರತ್ತೆಯ ಹಕ್ಕು ಬಿಡುಗಡೆ ಪತ್ರ ಸಿಗಲಿ. ಮನೆಗೆ ಬರುವುದನ್ನೇ ಬಿಟ್ಟ ಅತ್ತೆ, ಅವಳ ಹೆಸರೆತ್ತಿದರೆ ಎದ್ದು ಹೋಗುವ ಅಜ್ಜಿ: ಇವೆರಡನ್ನೂ ಮೊದಲ ಅಧ್ಯಾಯದಲ್ಲೇ, ಏನೂ ವಿಶೇಷವಿಲ್ಲವೆಂಬಂತೆ ಹೇಳಿಬಿಟ್ಟಿರಿ.

ನಮ್ಮ ಭಾಗದ ಬರಹಗಾರರಿಗೆ ಇನ್ನೊಂದು ಅನುಕೂಲವಿದೆ. 1948ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ಮುತ್ತಜ್ಜನ ಟ್ರಂಕಿನಲ್ಲಿ ಸಿಕ್ಕ ಕಾಗದ ಹುಡುಗಿಗೆ ಓದಲು ಬಾರದು. ಓಣಿಯ ಉರ್ದು ಬಲ್ಲ ಹಿರಿಯರ ಬಳಿ ಒಯ್ದರೆ ಅರ್ಥ ತಿಳಿಯುತ್ತದೆ, ಜೊತೆಗೆ ಮನೆಯ ಗುಟ್ಟೂ ಬೇರೆಯವರ ಕಿವಿ ಸೇರುತ್ತದೆ. ಸುಳಿವು ಸಿಕ್ಕಾಗಲೆಲ್ಲ ಅವಳು ಹೀಗೆ ಏನನ್ನಾದರೂ ಕಳೆದುಕೊಳ್ಳಲಿ.

ಅಪ್ಪ ಹೋದದ್ದು ಯಾವ ತಿಂಗಳು? ನಿಮ್ಮ ಪತ್ರದಲ್ಲಿ ಅದೇ ಇಲ್ಲ. ತೊಗರಿ ಮುಂಗಾರಿನಲ್ಲಿ ಬಿತ್ತಿ, ಡಿಸೆಂಬರ್, ಜನವರಿ ಹೊತ್ತಿಗೆ ಕಟಾವಿಗೆ ಬರುವ ಬೆಳೆ. ರಾಶಿಯಾದ ಮೇಲೆ ಹೋದರೆ ‘ಪುಣೆಗೆ ದುಡಿಯಲು ಹೋಗಿರಬೇಕು’ ಎಂದು ಊರು ಸುಮ್ಮನಿರುತ್ತದೆ. ಗುಳೆ ಹೋಗುವವರ ನಡುವೆ ಇವನೊಬ್ಬನನ್ನು ಯಾರು ಲೆಕ್ಕವಿಡುತ್ತಾರೆ? ನೆಟೆ ರೋಗಕ್ಕೆ ಒಣಗಿ ನಿಂತ ಹೊಲವನ್ನು ಬಿಟ್ಟು ಹೋದರೆ ಅದೇ ಊರು ಮೊದಲ ದಿನವೇ ಬಾವಿಗಳಲ್ಲಿ ಇಣುಕಲು ಶುರುಮಾಡುತ್ತದೆ. ಇವು ಎರಡು ಬೇರೆ ಕಾದಂಬರಿಗಳು. ನಾನಾದರೆ ಮೊದಲನೆಯದನ್ನೇ ಬರೆಯುತ್ತೇನೆ; ಊರೆಲ್ಲ ನಿರಾಳವಾಗಿರುವಾಗ ಅನುಮಾನಪಡುವವಳು ಹುಡುಗಿಯೊಬ್ಬಳೇ. ಕೋಟೆ ಬೇಕೇ ಬೇಕೆಂದರೆ ಸೇಡಂ ತಾಲ್ಲೂಕಿನಲ್ಲೇ ಮಳಖೇಡವಿದೆ, ಕಲಬುರಗಿಯವರೆಗೆ ಓಡಬೇಕಾಗಿಲ್ಲ.

ಪ್ರಶ್ನೆ: ಹುಮನಾಬಾದಿನಲ್ಲಿ ಶಿಕ್ಷಕಿಯಾಗಿದ್ದೇನೆ. ಸಾಲ, ಆತ್ಮಹತ್ಯೆಗಳ ಪ್ರಸ್ತಾಪವಿರುವ ಇಂತಹ ಪುಸ್ತಕಗಳನ್ನು ಶಾಲೆಯ ಗ್ರಂಥಾಲಯದಲ್ಲಿ ಇಡಬಹುದೇ?

ಉತ್ತರ: ಒಂಬತ್ತು, ಹತ್ತನೇ ತರಗತಿಯವರಿಗೆ ಇಡಿ, ಮೊದಲು ನೀವು ಕೊನೆಯ ಪುಟದವರೆಗೂ ಓದಿ. ಸಾಯುವ ವಿಧಾನವನ್ನು ವರ್ಣಿಸಿದ್ದರೆ ಅಥವಾ ಸತ್ತದ್ದರಿಂದಲೇ ಮನೆಯ ಕಷ್ಟ ತೀರಿತೆಂದು ತೋರಿಸಿದ್ದರೆ ಬೇಡ. ಮನೆಯಲ್ಲಿ ಅಂತಹ ಸಾವು ಕಂಡ ಮಗು ತರಗತಿಯಲ್ಲಿದ್ದರೆ ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ. ಅದು ತಾನಾಗಿ ಪುಸ್ತಕ ಎತ್ತಿಕೊಂಡರೆ ತಡೆಯಲೂ ಬೇಡಿ. ರಕ್ಷಾಪುಟದ ಒಳಬದಿಯಲ್ಲಿ 14416 ಎಂದು ಬರೆದಿಡಿ. ಅದು ಮನಸ್ಸಿನ ಸಂಕಟಕ್ಕೆ ನೆರವಾಗುವ ಟೆಲಿ ಮಾನಸ್ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತನಾಡಬಹುದು.