ಆಡು ಸಾಕುವ ಹೊಲಕ್ಕೆ ಗಿಡದ ಬೇಲಿ

ಆಳಂದದ ಎರೆಹೊಲದಲ್ಲಿ ಆಡು ಸಾಕಲು ಕಲ್ಲುಕಂಬದ ಬದಲು ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಹಚ್ಚಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹಚ್ಚಿ ಅಣ್ಣಾ, ಆದರೆ ಅದೊಂದನ್ನೇ ನಂಬಬೇಡಿ. ಅದರ ಸೊಪ್ಪು ಆಡಿಗೆ ಮೇವು, ಎಳೆ ಚಿಗುರನ್ನು ಉಳಿಸುವುದಿಲ್ಲ.

ಮುಂಗಾರು ಹಿಡಿದೊಡನೆ ಮಣಿಕಟ್ಟಿನ ದಪ್ಪದ, ಐದಾರು ಅಡಿಯ ಬಲಿತ ಗೂಟಗಳನ್ನು ಬುಡ ಓರೆಯಾಗಿ ಕತ್ತರಿಸಿ ಬದುವಿನ ಮೇಲೆ ಒಂದೂವರೆ ಅಡಿ ಆಳಕ್ಕೆ ನೆಡಿ. ತಗ್ಗಿನಲ್ಲಿ ನೆಟ್ಟರೆ ನೀರು ನಿಂತು ಕೊಳೆಯುತ್ತವೆ. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟಾಗ ಬುಡದ ಸುತ್ತ ಮಣ್ಣು ಏರಿಸಿ, ಇಲ್ಲವಾದರೆ ಬೇರಿಗೆ ಬಿಸಿಗಾಳಿ ತಾಗುತ್ತದೆ. ಬೇರು ಗಟ್ಟಿಯಾಗುವ ತನಕ ಗೂಟಗಳಿಗೆ ಬೇಲಿ ತಂತಿ ಬಿಗಿಯಬೇಡಿ.

ಮೊದಲ ವರ್ಷ ಒಳಬದಿಗೆ ತೊಗರಿ ಕಟ್ಟಿಗೆಯ ತಡಿಕೆ ಕಟ್ಟಿ. ನಮ್ಮ ಕಡೆ ಅದಕ್ಕೇನು ಬರವೇ! ಗೂಟಗಳ ಸಂದಿನಲ್ಲಿ ಲಕ್ಕಿ ಗಿಡ ಹಚ್ಚಿ. ಆಡುಗಳು ಅದರ ತಂಟೆಗೆ ಹೋಗುವುದು ಕಡಿಮೆ. ಪುಕ್ಕಟೆ ಸಿಗುತ್ತದೆಂದು ಬಳ್ಳಾರಿ ಜಾಲಿಯನ್ನು ಮಾತ್ರ ತರಬೇಡಿ. ಕಾಯಿ ತಿಂದ ಆಡುಗಳೇ ಹಿಕ್ಕೆಯ ಜೊತೆ ಹೊಲದ ತುಂಬ ಬಿತ್ತುತ್ತವೆ.